ಹಿಡಿ ಮುರಿದರೂ ಅಲಗು ಗಟ್ಟಿ: ಕ್ಷೌರದ ಕತ್ತಿ ಬಳಸಲು ಕಲಿಯುವುದು, ಅದಕ್ಕೆ ಹೊಸ ಹಿಡಿ ಹಾಕುವುದು

ಹಳೆ ಮನೆಗಳ ಟ್ರಂಕಿನಲ್ಲಿ, ಗುಜರಿ ಅಂಗಡಿಗಳಲ್ಲಿ, ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಮಡಚುವ ಕ್ಷೌರದ ಕತ್ತಿಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಹೆಚ್ಚಿನವುಗಳ ಸ್ಥಿತಿ ಒಂದೇ. ಅಲಗು ಗಟ್ಟಿಯಾಗಿರುತ್ತದೆ, ಹಿಡಿ ಸೀಳಿರುತ್ತದೆ. ಹಿಡಿ ಹೋಯಿತೆಂದು ಜನ ಇಡೀ ಕತ್ತಿಯನ್ನೇ ಗುಜರಿಗೆ ಹಾಕುತ್ತಾರೆ. ಹಾಗೆ ಮಾಡಬೇಡಿ. ಒಳ್ಳೆಯ ಉಕ್ಕಿನ ಅಲಗು ಮೂರು ತಲೆಮಾರು ಬಾಳುತ್ತದೆ. ಹಿಡಿಯನ್ನು ಮನೆಯಲ್ಲೇ ಕೂತು ಬದಲಿಸಬಹುದು.

ಆದರೆ ಒಂದು ಮಾತು. ಮೊದಲು ಕ್ಷೌರ ಕಲಿಯಿರಿ, ಆಮೇಲೆ ಹಿಡಿಗೆ ಕೈ ಹಾಕಿ. ಕತ್ತಿ ಕೈಯಲ್ಲಿ ಹೇಗೆ ಕೂರಬೇಕು, ಎಷ್ಟು ಬಿಗಿಯಾಗಿ ಮಡಚಬೇಕು ಅನ್ನುವುದು ಬಳಸಿದವರಿಗೆ ಮಾತ್ರ ತಿಳಿಯುತ್ತದೆ. ಅದು ತಿಳಿಯದೆ ಮಾಡಿದ ಹಿಡಿ ನೋಡಲು ಚೆಂದ ಇರುತ್ತದೆ, ಬಳಸಲು ಬರುವುದಿಲ್ಲ.

ಯಾವ ಕತ್ತಿ ಕೊಳ್ಳಬೇಕು?

ನಮ್ಮ ಸಲೂನ್‌ಗಳಲ್ಲಿ ಈಗ ಕಾಣುವುದು ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ. ಒಬ್ಬೊಬ್ಬರಿಗೂ ಹೊಸ ಬ್ಲೇಡ್ ಹಾಕಬೇಕಾದ ಜಾಗದಲ್ಲಿ ಅದೇ ಸರಿ. ರಕ್ತದಿಂದ ಹರಡುವ ಕಾಯಿಲೆಗಳ ಭಯ ಇರುವುದಿಲ್ಲ. ಮನೆಯಲ್ಲಿ ಕಲಿಯುವವರು ಕೂಡ ಅಗ್ಗವೆಂದು ಅದರಿಂದಲೇ ಶುರು ಮಾಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಆ ಬ್ಲೇಡು ತೀರಾ ತೆಳು, ತೀರಾ ಚೂಪು. ಕೈ ಸ್ವಲ್ಪ ತಪ್ಪಿದರೂ ಚರ್ಮ ಕೊಯ್ಯುತ್ತದೆ. ಮಸೆದು ಬಳಸುವ ಅಲಗು ಅದಕ್ಕಿಂತ ಮೃದು, ಕಲಿಯುವವರ ಕೈಗೆ ಹೆಚ್ಚು ಹೊಂದುತ್ತದೆ.

ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತಾರೆ. 5/8 ಅಥವಾ 6/8 ಇರುವುದನ್ನು ಆರಿಸಿ. ಅದಕ್ಕಿಂತ ಅಗಲವಾದದ್ದು ಮೂಗಿನ ಕೆಳಗೆ ತೊಡಕು. ತುದಿ ದುಂಡಗಿರಲಿ. ಚೌಕ ತುದಿಯ ಕತ್ತಿ ಮೀಸೆಯ ಅಂಚು ತಿದ್ದಲು ಚೆನ್ನ, ಆದರೆ ಆ ಮೂಲೆ ಕಿವಿಗೋ ಗಲ್ಲಕ್ಕೋ ಚುಚ್ಚುತ್ತದೆ.

ಹಳೆಯದನ್ನು ಕೊಳ್ಳುವುದಾದರೆ ಅಲಗಿನ ಬುಡದ ಮುದ್ರೆ ನೋಡಿ. ಜರ್ಮನಿಯ ಜೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್, ಫ್ರಾನ್ಸಿನ ಥಿಯರ್ಸ್ ಈ ಕೆಲಸಕ್ಕೆ ಹೆಸರಾದ ಊರುಗಳು. ಜೋಲಿಂಗೆನ್ ಹೆಸರನ್ನು ಆ ಊರಿನಲ್ಲಿ ತಯಾರಾದ ಸರಕಿಗೆ ಮಾತ್ರ ಹಾಕಬೇಕೆಂದು 1938ರಿಂದ ಜರ್ಮನಿಯಲ್ಲಿ ಕಾನೂನೇ ಇದೆ. ಕಿಂಗ್ ಜಿಲೆಟ್‌ಗೆ 1904ರಲ್ಲಿ ಸೇಫ್ಟಿ ರೇಜರ್‌ನ ಪೇಟೆಂಟ್ ಸಿಕ್ಕಿತು. ಆಮೇಲೆ ನಿಧಾನವಾಗಿ ಕತ್ತಿಗಳ ಕಾಲ ಮುಗಿಯುತ್ತಾ ಬಂತು. ಅದಕ್ಕೇ ಇಷ್ಟೊಂದು ಒಳ್ಳೆಯ ಅಲಗುಗಳು ಪೆಟ್ಟಿಗೆಗಳಲ್ಲಿ ಸುಮ್ನೆ ಬಿದ್ದಿವೆ.

ಹಳೆ ಕತ್ತಿಯಲ್ಲಿ ಮೂರು ದೋಷ ಹುಡುಕಿ. ಮೊದಲನೆಯದು ಅಂಚಿನಲ್ಲಿ ಬಿರುಕು. ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ; ಕೂದಲಿನಷ್ಟು ಸಣ್ಣ ಬಿರುಕು ಇದ್ದರೂ ಬಿಟ್ಟುಬಿಡಿ. ಎರಡನೆಯದು ಅಂಚಿನ ಹತ್ತಿರವೇ ಗುಳಿ ಬಿದ್ದ ತುಕ್ಕು. ಬೆನ್ನಿನ ಕಡೆ, ಅಂದರೆ ಅಂಚಿನ ಎದುರಿನ ದಪ್ಪ ಬದಿಯಲ್ಲಿ ತುಕ್ಕು ಇದ್ದರೆ ಚಿಂತೆಯಿಲ್ಲ, ಉಜ್ಜಿದರೆ ಹೋಗುತ್ತದೆ. ಅಂಚಿನ ಗುಳಿ ಹೋಗಬೇಕಾದರೆ ಅಂಚನ್ನೇ ಸವೆಸಬೇಕು. ಮೂರನೆಯದು ಬೆನ್ನು ಅಗಲವಾಗಿ ಚಪ್ಪಟೆಯಾಗಿರುವುದು. ಯಾರೋ ಅತಿಯಾಗಿ ಮಸೆದಿದ್ದಾರೆ ಅಂತ ಅರ್ಥ.

ಹಿಡಿ ಮುರಿದಿದೆ, ಅಲಗಿಗೆ ಈ ಮೂರೂ ಇಲ್ಲ ಅಂದರೆ ಅದೇ ಒಳ್ಳೆಯ ವ್ಯಾಪಾರ. ಆದರೆ ಕಲಿಯಲು ಹಿಡಿ ಗಟ್ಟಿಯಿರುವ, ಮಸೆದು ತಯಾರಾದ ಇನ್ನೊಂದು ಕತ್ತಿ ಇರಲಿ. ಹೊಸ ಕತ್ತಿ ಕೊಂಡರೂ ಮುಖಕ್ಕೆ ಹಚ್ಚುವಷ್ಟು ಹರಿತ ಇದೆಯೇ ಎಂದು ಮಾರುವವರನ್ನು ಕೇಳಿ. ಪೆಟ್ಟಿಗೆಯಿಂದ ತೆಗೆದ ಕತ್ತಿಯೆಲ್ಲ ಕ್ಷೌರಕ್ಕೆ ಸಿದ್ಧ ಇರುವುದಿಲ್ಲ. ಮುಂಗೈ ಕೂದಲಿನ ಮೇಲೆ, ಚರ್ಮಕ್ಕೆ ತಾಗದಂತೆ ಅಲಗನ್ನು ಸರಿಸಿ. ಕೂದಲು ಸದ್ದಿಲ್ಲದೆ ಉದುರಿದರೆ ಸರಿ. ಬಾಗಿ ಜಾರಿಕೊಂಡರೆ ಮಸೆಯುವುದು ಬಾಕಿ ಇದೆ.

ಯಾರದೋ ಕೈಯಲ್ಲಿದ್ದ ಕತ್ತಿಯನ್ನು ಸೋಪು ನೀರಿನಲ್ಲಿ ತೊಳೆದು 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಒರೆಸಿ. ನಿಮ್ಮ ಕತ್ತಿಯನ್ನು ಮನೆಯವರಿಗೂ ಕೊಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಮುಖದ ತುಂಬ ಮೊಡವೆ ಇರುವವರು ಈ ಕತ್ತಿಯ ಸಹವಾಸಕ್ಕೆ ಹೋಗದಿರುವುದೇ ಒಳ್ಳೆಯದು.

ಸ್ಟ್ರಾಪ್

ಪ್ರತಿ ಕ್ಷೌರಕ್ಕೂ ಮೊದಲು ಅಲಗನ್ನು ತೊಗಲಿನ ಪಟ್ಟಿಯ ಮೇಲೆ ಎಳೆಯಬೇಕು. ಅದೇ ಸ್ಟ್ರಾಪ್. ಇದರಿಂದ ಉಕ್ಕು ಸವೆಯುವುದಿಲ್ಲ. ಹಿಂದಿನ ಸಲ ಬಳಸಿದಾಗ ಸೊಟ್ಟಗಾದ ಸೂಕ್ಷ್ಮ ಅಂಚು ಮತ್ತೆ ನೆಟ್ಟಗಾಗುತ್ತದೆ ಅಷ್ಟೆ.

ಸ್ಟ್ರಾಪಿನ ಒಂದು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಜೋಲಬಾರದು. ಅಲಗನ್ನು ಪೂರ್ತಿ ಮಲಗಿಸಿ. ಬೆನ್ನು, ಅಂಚು ಎರಡೂ ತೊಗಲಿಗೆ ತಾಗಿರಲಿ. ಬೆನ್ನು ಮುಂದೆ, ಅಂಚು ಹಿಂದೆ. ಹಾಗೇ ಎಳೆಯಿರಿ. ತುದಿ ಮುಟ್ಟಿದಾಗ ಬೆನ್ನು ತೊಗಲನ್ನು ಬಿಡದಂತೆ ಅಲಗನ್ನು ಮಗುಚಿ ವಾಪಸ್ ತನ್ನಿ. ಅಂಚಿನ ಮೇಲೆ ಮಗುಚಿದಿರೋ, ಹರಿತವೂ ಹೋಯಿತು, ತೊಗಲೂ ಸೀಳಿತು. ಹೋಗಿ ಬರುವುದು ಒಂದು ಸುತ್ತು. 30ರಿಂದ 50 ಸುತ್ತು ಸಾಕು. ಮೊದಮೊದಲು ವೇಗ ಬೇಡವೇ ಬೇಡ. ಸಿನಿಮಾದಲ್ಲಿ ಕಾಣುವ ಚಟಪಟ ಕೈಚಳಕ ಎಷ್ಟೋ ಒಳ್ಳೆಯ ಅಂಚುಗಳನ್ನು ಹಾಳು ಮಾಡಿದೆ.

ಮೊದಲ ಸ್ಟ್ರಾಪ್ ಅಗ್ಗದ್ದೇ ಇರಲಿ. ಕಲಿಯುವಾಗ ಎಲ್ಲರೂ ಅದಕ್ಕೆ ಒಂದೆರಡು ಗೀರು ಹಾಕುತ್ತಾರೆ.

ಮುಖಕ್ಕೆ ಕತ್ತಿ

ಸಮಯ ಇರುವ ದಿನ ಶುರು ಮಾಡಿ. ಆಫೀಸಿಗೆ ಹೊರಡುವ ಬೆಳಿಗ್ಗೆ ಬೇಡ.

ಕ್ಷೌರಕ್ಕೆ ಮೊದಲು ಗಡ್ಡದ ಮೇಲೆ ಬೆರಳಾಡಿಸಿ ಕೂದಲು ಯಾವ ಕಡೆಗೆ ಬೆಳೆದಿದೆ ನೋಡಿಕೊಳ್ಳಿ. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯಲ್ಲಿ ಹಾಗೆಂದು ನಂಬುವಂತಿಲ್ಲ. ಕೆಲವರಿಗೆ ಮೇಲ್ಮುಖ, ಕೆಲವರಿಗೆ ಅಡ್ಡ. ಬಿಸಿನೀರಲ್ಲಿ ಸ್ನಾನ ಮಾಡಿ ಬನ್ನಿ, ಇಲ್ಲದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಮುಖದ ಮೇಲೆ ಒಂದೆರಡು ನಿಮಿಷ ಇಡಿ. ಬ್ರಷ್ಷಿನಿಂದ ಸೋಪು ಕಲಸಿ ನೊರೆ ಮಾಡಿ. ನೊರೆ ಗಟ್ಟಿ ಮೊಸರಿನಂತೆ ಜಾರುವ ಹಾಗಿರಬೇಕು. ಉಬ್ಬಿದ ಗುಳ್ಳೆ ನೊರೆ ಕಣ್ಣಿಗೆ ಚೆಂದ, ಕೆಲಸಕ್ಕೆ ಬಾರದು.

ಹಿಡಿಯುವ ಕ್ರಮ ಹೀಗೆ. ಕತ್ತಿಯನ್ನು ಬಿಚ್ಚಿ ಹಿಡಿ ಮೇಲಕ್ಕೆ ನಿಲ್ಲುವಂತೆ ತಿರುಗಿಸಿ. ಅಲಗಿನ ಬುಡದ ಮೇಲೆ ಮೂರು ಬೆರಳು, ಬುಡದಿಂದ ಹಿಂದಕ್ಕೆ ಚಾಚಿದ ಸಣ್ಣ ಬಾಲದ ಮೇಲೆ ಕಿರುಬೆರಳು, ಕೆಳಗಿನಿಂದ ಹೆಬ್ಬೆರಳ ಆಸರೆ. ಬಿಗಿಯಾಗಿ ಹಿಡಿಯಬೇಡಿ. ಜಾರಿ ಬಿದ್ದರೆ ಹಿಡಿಯಲು ಹೋಗಲೇಬೇಡಿ. ಕೈ ಹಿಂದಕ್ಕೆ ತೆಗೆದು ಬೀಳಲು ಬಿಡಿ. ಕತ್ತಿ ಹೋದರೆ ಇನ್ನೊಂದು ಸಿಗುತ್ತದೆ, ಬೆರಳಿನ ನರ ಸಿಗುವುದಿಲ್ಲ.

ಕಿವಿಯ ಪಕ್ಕದಿಂದ ಕೆನ್ನೆಗೆ ಬನ್ನಿ. ಇನ್ನೊಂದು ಕೈಯಿಂದ ಚರ್ಮವನ್ನು ಮೇಲಕ್ಕೆ ಎಳೆದು ಬಿಗಿ ಮಾಡಿ. ಅರ್ಧ ಕ್ಷೌರ ಇರುವುದು ಈ ಎಳೆತದಲ್ಲೇ. ಅಲಗನ್ನು ಮೊದಲು ಕೆನ್ನೆಗೆ ಪೂರ್ತಿ ಮಲಗಿಸಿ, ಆಮೇಲೆ ಬೆನ್ನನ್ನು ಸ್ವಲ್ಪ ಎತ್ತಿ. ಬೆನ್ನಿಗೂ ಚರ್ಮಕ್ಕೂ ನಡುವೆ ಬೆನ್ನಿನ ದಪ್ಪದ ಎರಡರಷ್ಟು ಜಾಗ ಇರಲಿ. ಅದು ಸುಮಾರು 30 ಡಿಗ್ರಿ ಕೋನ. ಅದಕ್ಕಿಂತ ಮಲಗಿಸಿದರೆ ಕೂದಲು ಎಳೆದು ಉರಿಯುತ್ತದೆ. ಹೆಚ್ಚು ಎತ್ತಿದರೆ ಚರ್ಮ ಕೆರೆಯುತ್ತದೆ. ಎರಡು ಮೂರು ಸೆಂಟಿಮೀಟರ್‌ನಷ್ಟು ಕೆಳಗೆ ಎಳೆಯಿರಿ, ನಿಲ್ಲಿಸಿ, ಅಲಗು ಒರೆಸಿ, ಮತ್ತೆ ಎಳೆಯಿರಿ. ಕತ್ತಿಯ ತೂಕವೇ ಸಾಕು. ಒತ್ತಬೇಕು ಅನಿಸಿದರೆ ಅಲಗು ಮೊಂಡಾಗಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸಿ.

ಇನ್ನೊಂದು ಕಟ್ಟುನಿಟ್ಟು: ಅಲಗು ಯಾವತ್ತೂ ಅಂಚಿನ ಉದ್ದಕ್ಕೆ ಅಡ್ಡವಾಗಿಯೇ ಚಲಿಸಬೇಕು. ಉದ್ದಕ್ಕೆ, ಅಂದರೆ ತರಕಾರಿ ಹೆಚ್ಚುವ ದಿಕ್ಕಿನಲ್ಲಿ ಕೂದಲೆಳೆಯಷ್ಟು ಜಾರಿದರೂ ಗಾಯ ಖಂಡಿತ.

ಕಿವಿಗೊಟ್ಟು ಕೇಳಿ. ಒಳಬಾಗು ಕೊಟ್ಟ ತೆಳು ಅಲಗು ಕೂದಲು ಕತ್ತರಿಸುವಾಗ ಸಣ್ಣಗೆ ಚರಚರ ಅನ್ನುತ್ತದೆ. ಕೋನ ಸರಿಯಿದ್ದಾಗ ಆ ಸದ್ದು ಒಂದೇ ಸಮ ಇರುತ್ತದೆ. ಕೋನ ತಪ್ಪಿದ ಕೂಡಲೇ ಬದಲಾಗುತ್ತದೆ. ಸ್ವಲ್ಪ ದಿನಕ್ಕೆ ಕನ್ನಡಿಗಿಂತ ಕಿವಿಯೇ ಜಾಸ್ತಿ ಸಹಾಯ ಮಾಡುತ್ತದೆ.

ಮೊದಲ ಕೆಲವು ವಾರ ಎರಡು ಕೆನ್ನೆ ಮಾತ್ರ ಕತ್ತಿಯಿಂದ ಮಾಡಿ, ಉಳಿದದ್ದನ್ನು ನಿಮ್ಮ ಎಂದಿನ ರೇಜರಿನಿಂದ ಮುಗಿಸಿ. ಕೆನ್ನೆ ಸಲೀಸಾದ ಮೇಲೆ ಕುತ್ತಿಗೆ, ಆಮೇಲೆ ದವಡೆಯ ಅಂಚು, ಕೊನೆಗೆ ಗಲ್ಲ ಮತ್ತು ಮೇಲ್ದುಟಿ. ಗಲ್ಲಕ್ಕೆ ಬಂದಾಗ ಕೆಳದುಟಿಯನ್ನು ಹಲ್ಲಿನ ಮೇಲೆ ಬಿಗಿಯಾಗಿ ಎಳೆದುಕೊಳ್ಳಿ. ಗಂಟಲಿನ ಗಂಟಿನ ಮೇಲೆ ನೇರವಾಗಿ ಕತ್ತಿ ಬೇಡ. ಅಲ್ಲಿನ ಚರ್ಮವನ್ನು ಪಕ್ಕಕ್ಕೆ ಎಳೆದು ಸಮತಟ್ಟು ಜಾಗದಲ್ಲಿ ಕೆಲಸ ಮಾಡಿ. ಕೂದಲು ಬೆಳೆದ ದಿಕ್ಕಿನಲ್ಲೇ ಒಂದು ಸಲ ಆಡಿಸಿದರೆ ಮುಖ ಪೂರ್ತಿ ನುಣುಪಾಗುವುದಿಲ್ಲ. ಪರವಾಗಿಲ್ಲ. ಅಡ್ಡ ದಿಕ್ಕು, ಎದುರು ದಿಕ್ಕು ಎಲ್ಲ ಕೈ ಪಳಗಿದ ಮೇಲೆ.

ಮುಗಿದ ಮೇಲೆ ತಣ್ಣೀರಿನಲ್ಲಿ ಮುಖ ತೊಳೆದು ಪಟಿಕದ ಕಲ್ಲು ಸವರಿ. ಎಲ್ಲಿ ಉರಿಯುತ್ತದೋ ಅಲ್ಲಿ ಒತ್ತಡ ಜಾಸ್ತಿ ಆಗಿದೆ ಅಂತ ಅರ್ಥ.

ಕತ್ತಿಯನ್ನು ತೊಳೆದು ಬೆನ್ನಿನಿಂದ ಅಂಚಿನ ಕಡೆಗೆ ಒರೆಸಿ, ಗಾಳಿಗೆ ಆರಲು ಬಿಡಿ, ಆಮೇಲೆ ಮಡಚಿ. ಬಚ್ಚಲುಮನೆಯಲ್ಲಿ ಮಾತ್ರ ಇಡಬೇಡಿ. ಈ ಅಲಗುಗಳು ಹೆಚ್ಚಾಗಿ ಕಾರ್ಬನ್ ಉಕ್ಕಿನವು. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಒಂದೇ ರಾತ್ರಿಗೆ ಚುಕ್ಕೆ ಏಳುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ ಕೋಣೆಯ ಬೀರುವಿನಲ್ಲಿಡಿ.

ಮಸೆಯುವುದರ ಬಗ್ಗೆ ಇಲ್ಲಿ ಸ್ವಲ್ಪವೇ ಹೇಳುತ್ತೇನೆ. ಸ್ಟ್ರಾಪ್ ಮಾಡಿದರೂ ಕೂದಲು ಎಳೆಯತೊಡಗಿದರೆ ಕಲ್ಲಿಗೆ ಹಚ್ಚಬೇಕು. ದಿನಾ ಬಳಸಿದರೆ ಕೆಲವು ತಿಂಗಳಿಗೊಮ್ಮೆ ಬರುವ ಕೆಲಸ. ಬೆನ್ನು, ಅಂಚು ಎರಡೂ ಕಲ್ಲಿಗೆ ತಾಗಿರಬೇಕು, ಅಂಚು ಮುಂದಾಗಿ ಚಲಿಸಬೇಕು. ಸ್ಟ್ರಾಪಿಗೆ ಪೂರ್ತಿ ಉಲ್ಟಾ. ಚೆನ್ನಾಗಿದ್ದು ಸ್ವಲ್ಪ ಮೊಂಡಾದ ಅಲಗಿಗೆ 8000 ಮತ್ತು 12000 ಗ್ರಿಟ್‌ನ ಕಲ್ಲು ಸಾಕು (ಗ್ರಿಟ್ ಅಂಕಿ ಹೆಚ್ಚಿದಷ್ಟು ಕಲ್ಲು ನುಣುಪು). ಅಂಚು ಚಕ್ಕೆ ಎದ್ದಿದ್ದರೆ 1000ದಿಂದ ಶುರು. ಮೊದಲ ಸಲ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ಚಾಕು, ಮಚ್ಚಿಗೆ ಸಾಣೆ ಹಿಡಿಯುವ ಚಕ್ರಕ್ಕಂತೂ ಕೊಡಲೇಬೇಡಿ. ಆ ಬಿಸಿಗೆ ಉಕ್ಕಿನ ಹದವೇ ಹೋಗುತ್ತದೆ.

ಹೊಸ ಹಿಡಿ

ಹಿಡಿ ಅಂದರೆ ಎರಡು ತೆಳು ಹೋಳು, ಹಿಡಿಯ ಹಿಂತುದಿಯಲ್ಲಿ ಅವುಗಳ ನಡುವೆ ಒಂದು ಬೆಣೆ, ಎಲ್ಲವನ್ನೂ ಹಿಡಿದಿಡುವ ಎರಡು ಮೂರು ಹಿತ್ತಾಳೆ ಪಿನ್ನು. ಇಷ್ಟೇ. ನೋಡಲು ಸಣ್ಣದು ಆ ಬೆಣೆ. ಆದರೆ ಹಿಡಿಯ ಹಣೆಬರಹ ಬರೆಯುವುದು ಅದೇ.

ಮೊದಲು ಅಲಗಿನ ಅಂಚನ್ನು ದಪ್ಪ ರಟ್ಟಿನಲ್ಲಿ ಮಡಚಿ ಮೇಲೆ ಟೇಪು ಸುತ್ತಿ. ಕೆಲಸ ಮುಗಿಯುವ ತನಕ ಅದನ್ನು ಬಿಚ್ಚಬೇಡಿ. ಹಳೆ ಪಿನ್ನಿನ ಉಬ್ಬಿದ ತಲೆಯನ್ನು ಅರದಿಂದ ಉಜ್ಜಿ ಸಮ ಮಾಡಿ. ಪಿನ್ನಿನ ನಡುವೆ ಪಂಚ್‌ನಿಂದ ಗುರುತು ಹೊಡೆದು, ತೆಳು ಪಂಚ್ ಇಟ್ಟು ಮೆಲ್ಲಗೆ ತಟ್ಟಿದರೆ ಇನ್ನೊಂದು ಕಡೆ ಹೊರಬರುತ್ತದೆ. ಬರದಿದ್ದರೆ 1.5 ಮಿ.ಮೀ. ಡ್ರಿಲ್‌ನಿಂದ ಸ್ವಲ್ಪ ಕೊರೆಯಿರಿ. ಹಳೆ ಹಿಡಿಯ ತುಂಡುಗಳನ್ನು ಎಸೆಯಬೇಡಿ. ಅವೇ ನಿಮ್ಮ ಅಳತೆ. ಆದರೆ ಹಳೆ ಹಿಡಿ ಸೆಲ್ಯುಲಾಯ್ಡ್‌ನದಾಗಿದ್ದು ಕರ್ಪೂರದಂಥ ಘಾಟು ಬರುತ್ತಿದ್ದರೆ, ಹರಳುಗಟ್ಟಿ ಪುಡಿಯಾಗುತ್ತಿದ್ದರೆ, ಅಳತೆ ಕಾಗದಕ್ಕೆ ಇಳಿಸಿ ಅದನ್ನು ಬೇರೆ ಕಡೆ ಹಾಕಿ. ಕೊಳೆಯುವ ಸೆಲ್ಯುಲಾಯ್ಡ್ ಬಿಡುವ ಆಮ್ಲದ ಆವಿ ಅಲಗಿಗೆ ತುಕ್ಕು ಹಿಡಿಸುತ್ತದೆ. ಅದಕ್ಕೆ ಬೆಂಕಿಯೂ ಬೇಗ ಹತ್ತುತ್ತದೆ.

ಅಲಗು ಬಿಡಿಯಾಗಿರುವಾಗಲೇ ಅದರ ಬುಡ, ಬಾಲವನ್ನು ಉಜ್ಜಿ ಪಾಲಿಶ್ ಮಾಡಿ. ಕೈಯಿಂದಲೇ ಮಾಡಿ. ತಿರುಗುವ ಬಫ್ ಚಕ್ರ ಅಲಗನ್ನು ಕಿತ್ತು ಎಸೆದರೆ ಅದು ಎಲ್ಲಿಗೆ ಹಾರುತ್ತದೋ ಹೇಳಲಾಗದು.

ಇನ್ನು ಸಾಮಗ್ರಿ. ಎಮ್ಮೆಯ ಕೊಂಬು ಹಗುರ, ಬಗ್ಗಿದರೂ ಮುರಿಯದು. ನನ್ನ ಮೆಚ್ಚಿನದು ಅದೇ. ಮರದಲ್ಲಿ ಬೀಟೆ ಬಹಳ ಚೆನ್ನ. ಮೈಸೂರಿನ ಕೆತ್ತು-ಜೋಡಣೆ ಕೆಲಸದವರ ಹತ್ತಿರ, ದೊಡ್ಡ ಮರಗೆಲಸದ ಅಂಗಡಿಗಳಲ್ಲಿ ಉಳಿದ ಸಣ್ಣ ತುಂಡು ಕೇಳಿ ನೋಡಿ. ಹಿಡಿಗೆ ಬೇಕಾಗುವುದು ಒಂದು ಗೇಣಿಗಿಂತ ಕಡಿಮೆ. ವಿದೇಶದಲ್ಲಿರುವ ನೆಂಟರಿಗೆ ಕಳಿಸುವ ಮುನ್ನ ಮಾತ್ರ ನಿಯಮ ನೋಡಿಕೊಳ್ಳಿ. ಬೀಟೆಯ ಇಡೀ ಜಾತಿ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಅಕ್ರಿಲಿಕ್ ಕೂಡ ಆಗುತ್ತದೆ, ನೀರಿಗೆ ಹೆದರುವುದಿಲ್ಲ. ಆನೆದಂತ, ಜಿಂಕೆ-ಸಾಂಬಾರದ ಕೊಂಬು ಯಾರೇ ಕೊಡುತ್ತೇನೆಂದರೂ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಭಾರವಾದ ಲೋಹದ ಹಿಡಿಯೂ ಬೇಡ. ಬಿಚ್ಚಿದ ಕತ್ತಿಯ ತೂಕ ಪಿನ್ನಿನ ಹತ್ತಿರ ಸಮನಾಗಿ ನಿಲ್ಲಬೇಕು. ಹಿಡಿ ಭಾರವಾದರೆ ಅಲಗು ಕೈಯಲ್ಲಿ ಹಿಂದಕ್ಕೆ ವಾಲುತ್ತದೆ.

ಎರಡೂ ಹೋಳನ್ನು 3 ಮಿ.ಮೀ. ದಪ್ಪಕ್ಕೆ ಸಮ ಮಾಡಿ, ನಡುವೆ ಎರಡು ಕಡೆ ಅಂಟುವ ಟೇಪು ಹಾಕಿ ಜೋಡಿಸಿ. ಮೇಲೆ ಹಳೆ ಹಿಡಿ ಇಟ್ಟು ಗೆರೆ ಎಳೆಯಿರಿ. ಆಕಾರ ಕೊಡುವ ಮೊದಲೇ 1.6 ಮಿ.ಮೀ. ತೂತು ಕೊರೆದುಬಿಡಿ; ಎರಡೂ ಹೋಳಿನ ತೂತು ಒಂದೇ ನೇರಕ್ಕೆ ಬರುತ್ತದೆ. ಹಳೆ ಅಳತೆ ಇಲ್ಲದಿದ್ದರೆ ಅಲಗಿನ ತೂತನ್ನು ಹಿಡಿಯ ತೂತಿನ ಮೇಲಿಟ್ಟು ಅಲಗನ್ನು ಮಡಚಿದಂತೆ ತಿರುಗಿಸಿ ನೋಡಿ. ಅಂಚು ಪೂರ್ತಿ ಒಳಗೆ ಕೂರಬೇಕು, ಬೆನ್ನು ಸ್ವಲ್ಪ ಹೊರಗೆ ಕಾಣಬೇಕು, ಅಲಗಿನ ತುದಿ ಬೆಣೆಗೆ ತಾಗದೆ ನಾಲ್ಕೈದು ಮಿ.ಮೀ. ಜಾಗ ಬಿಡಬೇಕು. ಆಮೇಲೆ ಗರಗಸ, ಅರ, 120ರಿಂದ 1000ದವರೆಗಿನ ಸ್ಯಾಂಡ್ ಪೇಪರ್. ಮಾಸ್ಕ್ ಹಾಕಿಕೊಳ್ಳಿ. ಬೀಟೆಯ ಪುಡಿಯೂ ಕೊಂಬಿನ ಪುಡಿಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಟೇಪು ಬಿಡಿಸಿ ಮರಕ್ಕೆ ಅಗಸೆ ಎಣ್ಣೆಯನ್ನು ತೆಳುವಾಗಿ, ಒಣಗಿಸಿ ಒಣಗಿಸಿ ಹಲವು ಸಲ ಹಚ್ಚಿ. ಒಳಮೈಗೂ ಹಚ್ಚಿ, ನೀರು ನುಗ್ಗುವುದು ಅಲ್ಲೇ ಅಲ್ವಾ? ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಡಬೇಡಿ. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಈಗ ಬೆಣೆ. ಹಿತ್ತಾಳೆ, ಮರ, ಕೊಂಬು ಯಾವುದಾದರೂ ಸರಿ. ಹಿಡಿಯ ಹಿಂತುದಿಯ ಕಡೆ ಸುಮಾರು 2 ಮಿ.ಮೀ. ದಪ್ಪ, ಅಲಗಿನ ಕಡೆಗೆ ಬರುತ್ತಾ ತೆಳು. ಬೆಣೆ ಅಲಗಿನ ಬುಡಕ್ಕಿಂತ ತೆಳುವಿರುವುದರಿಂದ ಹೋಳುಗಳು ಸ್ವಲ್ಪ ಬಿಲ್ಲಿನಂತೆ ಬಾಗಿ ಬುಡವನ್ನು ಒತ್ತಿ ಹಿಡಿಯುತ್ತವೆ. ಆ ಒತ್ತಡದಿಂದಲೇ ಕತ್ತಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಬೆಣೆಯ ಒಂದು ಮಗ್ಗುಲು ಓರೆಯಾದರೆ ಅಲಗು ಒಂದು ಕಡೆಗೆ ವಾಲಿ ಅಂಚು ಹೋಳಿಗೆ ಉಜ್ಜುತ್ತದೆ. ಹಾಗಾಗಿ ಪಿನ್ನು ಹೊಡೆಯುವ ಮೊದಲು ಎಂ1.6 ಅಳತೆಯ ಸಣ್ಣ ಸ್ಕ್ರೂ-ನಟ್ ಹಾಕಿ ಎಲ್ಲ ಜೋಡಿಸಿ ಮಡಚಿ ನೋಡಿ. ಅಲಗು ನಡುವೆ ಬರುವ ತನಕ ಬೆಣೆಯನ್ನು ಕಾಗದದಷ್ಟು ಕಾಗದದಷ್ಟೇ ಉಜ್ಜಿ. ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಕೊಟ್ಟ ಒಂದು ಗಂಟೆ ಆಮೇಲೆ ಪಿನ್ನು ಕೀಳುವ ಕೆಲಸ ತಪ್ಪಿಸುತ್ತದೆ.

ಕೊನೆಗೆ ಪಿನ್ನು. 1.6 ಮಿ.ಮೀ. ಹಿತ್ತಾಳೆ ಸರಳು, ಅದಕ್ಕೆ ಹೊಂದುವ ಸಣ್ಣ ವಾಷರ್. ಬೆಂಗಳೂರಿನಲ್ಲಿ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಬೆಣೆಯ ಕಡೆ ಮೊದಲು, ಅಲಗಿನ ಕಡೆ ಆಮೇಲೆ. ಪಿನ್ನು ತೂರಿಸಿ, ಎರಡೂ ಬದಿ ವಾಷರ್ ಹಾಕಿ, ವಾಷರ್ ಮೇಲೆ ಸುಮಾರು 1 ಮಿ.ಮೀ. ಉಳಿಯುವಂತೆ ಕತ್ತರಿಸಿ. ತುದಿಯನ್ನು ಅರದಿಂದ ಸಮ ಮಾಡಿ. ಗಟ್ಟಿ ಕಬ್ಬಿಣದ ಮೇಲಿಟ್ಟು, ಅಕ್ಕಸಾಲಿಗರು ಬಳಸುವಂಥ ಸಣ್ಣ ದುಂಡುತಲೆಯ ಸುತ್ತಿಗೆಯಿಂದ ತಟ್ಟಿ. ನಡುವಿಗೆ ಬೇಡ, ತುದಿಯ ಸುತ್ತಂಚಿಗೆ, ಸುತ್ತುತ್ತಾ. ನಾಲ್ಕೈದು ಏಟು, ಮಗುಚಿ, ಮತ್ತೆ ನಾಲ್ಕೈದು. ಏಟು ಎಷ್ಟು ಹಗುರ ಇರಬೇಕೆಂದರೆ ಮೊದಲಿಗೆ ಏನೂ ಆಗುತ್ತಿಲ್ಲ ಅನಿಸಬೇಕು. ಸ್ವಲ್ಪ ಹೊತ್ತಿಗೆ ಹಿತ್ತಾಳೆ ಅಣಬೆಯ ತಲೆಯಂತೆ ಹರಡಿ ವಾಷರ್ ಮೇಲೆ ಕೂರುತ್ತದೆ. ಜೋರಾಗಿ ಹೊಡೆದರೆ ಪಿನ್ನು ಒಳಗೇ ಬಾಗುತ್ತದೆ, ಹೋಳು ಸೀಳುತ್ತದೆ.

ಅಲಗಿನ ಪಿನ್ನನ್ನು ತಟ್ಟುವಾಗ ಆಗಾಗ ನಿಲ್ಲಿಸಿ ಬಿಚ್ಚಿ ಮಡಚಿ ನೋಡಿ. ಮಡಚಿದ ಕತ್ತಿಯನ್ನು ಅಡ್ಡ ಹಿಡಿದು ಅಲುಗಿಸಿದಾಗ ಅಲಗು ತೆರೆದುಕೊಳ್ಳಬಾರದು; ಬೆರಳಿನಿಂದ ಎತ್ತಿದಾಗ ಎಲ್ಲೂ ತಡೆಯದೆ ಏಳಬೇಕು. ಸಡಿಲ ಅನಿಸಿದರೆ ಇನ್ನೊಂದೆರಡು ಏಟು. ಬಿಗಿ ಸರಿಯಾಯಿತೋ, ಅಲ್ಲಿಗೆ ಸುತ್ತಿಗೆ ಕೆಳಗಿಡಿ. ಈಗ ರಟ್ಟು ಬಿಚ್ಚಿ, ಪಿನ್ನಿನ ಸಂದಿಗೆ ಒಂದು ಹನಿ ಎಣ್ಣೆ ಬಿಡಿ. ಇಷ್ಟೆಲ್ಲ ಕೆಲಸ ಕಂಡ ಅಂಚನ್ನು ಹಾಗೇ ಮುಖಕ್ಕೆ ಹಚ್ಚಬೇಡಿ. ಮೊದಲು ಕಲ್ಲು, ಆಮೇಲೆ ಸ್ಟ್ರಾಪ್, ಮುಂಗೈ ಕೂದಲಿನ ಪರೀಕ್ಷೆ, ಆಮೇಲೆ ಕೆನ್ನೆ. ಹೊಸ ಮರದ ಹಿಡಿ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ತುಸು ಉಬ್ಬಿ ಕುಗ್ಗಿ ಪಿನ್ನು ಸಡಿಲವಾಗಬಹುದು. ಆಗ ಹಿಡಿ ಬಿಚ್ಚಬೇಕಿಲ್ಲ, ಅದೇ ಸುತ್ತಿಗೆಯ ಒಂದೆರಡು ಏಟು ಸಾಕು.